ನಿಲ್ಲದ ಗೊಂಬೆಗೆ ಊಟ ಹಾಕಿದವಳಿಗೆ

ಅಳತೆಮನೆ, ಚನ್ನಪಟ್ಟಣ
ಇಸವಿ 2231, ಮೂರನೆಯ ಬೇಸಿಗೆಯ ಹನ್ನೊಂದನೆಯ ದಿನ

ಮೋನಿಷ,

ಮೊದಲು ಈ ತಾರೀಖಿಗೆ ಕ್ಷಮೆ ಇರಲಿ. ನಿನ್ನ ಕಾಲದಲ್ಲಿ ಬೇಸಿಗೆ ಒಂದೇ ಇತ್ತಂತೆ. ನಮಗೆ ಮೂರಿವೆ, ಅದರಲ್ಲಿ ಮೂರನೆಯದು ತೀರ ಹಟಮಾರಿ. ನನ್ನ ಮಾತುಗಳಿಗೂ ಕ್ಷಮೆ ಇರಲಿ. ಇನ್ನೂರು ವರ್ಷದಲ್ಲಿ ಕನ್ನಡ ಎಷ್ಟೋ ಬದಲಾಗಿದೆ. ಹಳೆಯ ಪುಸ್ತಕಗಳನ್ನು ಓದಿ ಓದಿ ನಿನ್ನ ಕಾಲದವರ ಹಾಗೆ ಬರೆಯಲು ನೋಡಿದ್ದೇನೆ. ಗೊತ್ತಿಲ್ಲದ ಪದ ಎಲ್ಲಾದರೂ ನುಸುಳಿದರೆ ಅಲ್ಲಲ್ಲೇ ಅರ್ಥ ಹೇಳಿಬಿಡುತ್ತೇನೆ. ನಿನ್ನನ್ನು ಏನೆಂದು ಕರೆಯಬೇಕು ಎನ್ನುವುದೇ ನನಗೆ ದೊಡ್ಡ ಪೇಚಾಟವಾಯಿತು. ಲೆಕ್ಕ ಹಾಕಿದರೆ ನೀನು ನನ್ನ ಅಜ್ಜಿಯ ಅಜ್ಜಿಗಿಂತ ಹಿರಿಯಳು, ಬಹುವಚನ ಹಚ್ಚಿ ಕಾಲಿಗೆ ಬೀಳಬೇಕು. ಆದರೆ ನನ್ನ ಮುಂದೆ ಇರುವ ಚೀಟಿಯಲ್ಲಿ ನಿನ್ನ ಅಕ್ಷರವಿದೆ, ‘ಮೋನಿಷ ಎಂ., 4ನೇ ಬಿ’ ಎಂದಿದೆ, ಒಂದೊಂದು ಅಕ್ಷರ ಒಂದೊಂದು ದಿಕ್ಕಿಗೆ ವಾಲಿದೆ. ಒಂಬತ್ತು ವರ್ಷದ ಹುಡುಗಿಗೆ ನಾನು ನೀವು ತಾವು ಎನ್ನಲಾರೆ. ನನಗೆ ಅರವತ್ತೆಂಟು. ಮಗಳೇ ಎಂದುಬಿಡುತ್ತೇನೆ, ತಪ್ಪಾದರೆ ನಿನ್ನ ಕಡೆಯವರು ಬಂದು ಕೇಳಲಿ.

ನನ್ನ ಹೆಸರು ಹೊಂಬಾಳಮ್ಮ. ಈ ಊರಿನ ಅಳತೆಗಾರ್ತಿ. ನಿನ್ನ ಕಾಲದಲ್ಲೂ ಚನ್ನಪಟ್ಟಣದಲ್ಲಿ ಹಾಲೆಮರವನ್ನು ಕಡೆದು, ಅರಗಿನ ಬಣ್ಣ ಹಿಡಿಸಿ, ತಾಳೆಗರಿಯಲ್ಲಿ ಉಜ್ಜಿ ಹೊಳಪು ಕೊಟ್ಟು ಆಟಿಕೆ ಮಾಡುತ್ತಿದ್ದರಂತೆ. ಈಗಲೂ ಮಾಡುತ್ತೇವೆ. ಆದರೆ ಗೊಂಬೆ ಮಾಡುವವಳು ಈಗ ಮೊದಲು ಮಗುವನ್ನು ಅಳೆಯಬೇಕು, ಅದು ಕಾನೂನು. ಅದರ ಕತೆ ಮುಂದೆ ಬರುತ್ತದೆ. ಮೂವತ್ತೊಂಬತ್ತು ವರ್ಷದಿಂದ ಈ ಕೆಲಸ ಮಾಡಿದ್ದೇನೆ. ಈ ಊರಲ್ಲಿ ಬೆಳೆದ ಎಲ್ಲರ ಸೊಂಟದ ಸುತ್ತಳತೆ ನನಗೆ ಬಾಯಿಪಾಠ, ಮೀಸೆ ತಿರುವುವ ಗಂಡಸರದೂ ಸೇರಿ. ಅದಕ್ಕೇ ಇರಬೇಕು, ನನ್ನ ಜಗುಲಿಯಲ್ಲಿ ಯಾರೂ ಹತ್ತು ನಿಮಿಷ ಕೂತವರಿಲ್ಲ. ಬೀದಿಯಲ್ಲಿ ಎದುರಾದರೆ ‘ನೆರಳಿದೆಯಾ ಅಮ್ಮ’ ಎಂದು ಕೇಳುತ್ತಾರೆ. ಅದು ನಮ್ಮ ಕಾಲದ ಕುಶಲಪ್ರಶ್ನೆ, ಬಿಸಿಲಿನಿಂದ ಹುಟ್ಟಿದ್ದು. ಕೇಳಿ, ಹೊಟ್ಟೆ ಒಳಗೆಳೆದುಕೊಂಡು, ಮುಂದೆ ಹೋಗುತ್ತಾರೆ. ಮಧ್ಯಾಹ್ನದ ನಾಲ್ಕು ತಾಸು ಊರೆಲ್ಲ ತಂಪುಮನೆಗೆ ಇಳಿಯುತ್ತದೆ. ತಂಪುಮನೆ ಎಂದರೆ ನೆಲದೊಳಗೆ ಒಂದಾಳು ಆಳದಲ್ಲಿ ತೋಡಿದ ಕೋಣೆ. ಪಕ್ಕದ ಮನೆಯವರ ತಂಪುಮನೆಯಿಂದ ಗೋಡೆಯಾಚೆ ಮಾತು ಕೇಳಿಸುತ್ತದೆ, ಪಾತ್ರೆಯ ಸದ್ದು ಕೇಳಿಸುತ್ತದೆ. ನನ್ನ ಕೋಣೆಯಲ್ಲಿ ಒಂದು ತಟ್ಟೆ, ಒಂದು ಲೋಟ. ಒಬ್ಬಳಿಗೆ ಎಂದು ಒಂದೇ ಮುದ್ದೆ ಕಟ್ಟುವ ಬೇಸರ ನಿನಗೆ ಗೊತ್ತಾಗುವ ವಯಸ್ಸಲ್ಲ, ಗೊತ್ತಾಗುವುದೂ ಬೇಡ.

ಹದಿನೆಂಟು ದಿನದ ಹಿಂದೆ ನಿನ್ನ ಗೊಂಬೆ ನನ್ನ ಮನೆಗೆ ಬಂತು. ನಿಮ್ಮ ಕಾಲದವರು ಊರಾಚೆ ಸುರಿದುಹೋದ ಕಸದ ಗುಡ್ಡಗಳೇ ನಮ್ಮ ಗಣಿಗಳು. ನೀವು ಪ್ಲಾಸ್ಟಿಕ್ ಎನ್ನುತ್ತಿದ್ದುದನ್ನು ನಾವು ಸಾಯದ್ದು ಎನ್ನುತ್ತೇವೆ. ಗುಡ್ಡ ಅಗೆದು ಸಾಯದ್ದನ್ನು ಆರಿಸಿ, ಕರಗಿಸಿ, ಸೂರು ಮಾಡುತ್ತೇವೆ, ನೀರಿನ ಕೊಳವೆ ಮಾಡುತ್ತೇವೆ. ನೀವು ಎಸೆದದ್ದನ್ನು ನೋಡಿದರೆ ಮನೆಯಲ್ಲಿ ಏನನ್ನಾದರೂ ಉಳಿಸಿಕೊಂಡಿದ್ದಿರೋ ಇಲ್ಲವೋ ಎಂದು ಅನುಮಾನ ಬರುತ್ತದೆ. ಅದರಲ್ಲಿ ಆಗಾಗ ಒಂದು ಬಗೆಯ ಗೊಂಬೆ ಸಿಗುತ್ತದೆ. ಗೇಣುದ್ದ, ಹೆಣ್ಣು, ಕೊಕ್ಕರೆಯ ಕಾಲು, ಹಿಡಿಯಲ್ಲಿ ಮುರಿಯುವಂಥ ನಡು, ಹರಿದುಹೋಗದ ನಗು. ಪಾದವನ್ನು ಎತ್ತರದ ಹಿಮ್ಮಡಿಯ ಚಪ್ಪಲಿಗೆಂದೇ ಅಚ್ಚು ಹೊಯ್ದಿದ್ದರಿಂದ ತುದಿಗಾಲಲ್ಲೇ ಇರುತ್ತದೆ, ನೆಲದ ಮೇಲೆ ಇಟ್ಟರೆ ಬೀಳುತ್ತದೆ. ಅದಕ್ಕೆ ನಮ್ಮಲ್ಲಿ ‘ನಿಲ್ಲದ ಗೊಂಬೆ’ ಎಂದೇ ಹೆಸರು. ಕರಗಿಸುವ ಮೊದಲು ಅಳತೆಗಾರ್ತಿ ಅದನ್ನು ಅಳೆದು ಬರೆದಿಡಬೇಕು, ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಲು. ಆರುನೂರಕ್ಕೂ ಹೆಚ್ಚು ಅಳೆದಿದ್ದೇನೆ. ಕೂದಲು ಬೇರೆ, ಬಟ್ಟೆ ಬೇರೆ. ಮೈ ಮಾತ್ರ ಒಂದೇ.

ನೂರುಲ್ಲಾ ಎಂಬುವನು ಅಗೆಯುವವರ ಮೇಸ್ತ್ರಿ. ಬುಟ್ಟಿ ಇಳಿಸಿ ತಕ್ಷಣ ಹೊರಡುವ ಮನುಷ್ಯ ಅವತ್ತು ಮಾತ್ರ ನಿಂತ. ಬುಟ್ಟಿಯಿಂದ ಒಂದನ್ನು ತೆಗೆದು ನನ್ನ ಮೇಜಿನ ಮೇಲೆ ಇಟ್ಟು ಕೈ ಬಿಟ್ಟ.

“ಇದೊಂದು ಬ್ಯಾರೆ ಥರ ಐತೆ ಅಮ್ಮ,” ಎಂದ. “ಇವ್ಳು ನಿಂತ್ಕತಾಳೆ.”

ನಿಂತಿತ್ತು. ಪಾದಗಳ ಸುತ್ತ ನೀನು ಹತ್ತಿ ಸುತ್ತಿ, ಅಂಟು ಸುರಿದು, ಎರಡು ದಪ್ಪ ಹೆಜ್ಜೆ ಮಾಡಿದ್ದೆ. ನಡುವಿಗೆ ನೀಲಿ ಚೌಕಳಿಯ ಬಟ್ಟೆ, ಅದು ಶಾಲೆಯ ಸಮವಸ್ತ್ರದ ಚೂರಿರಬೇಕು, ಒಂಬತ್ತು ಸುತ್ತು. ತೊಡೆಗೂ ಸುತ್ತಿದ್ದೆ, ತೋಳಿಗೂ ಸುತ್ತಿದ್ದೆ. ಹೊಲಿಗೆ ಕೆಟ್ಟದಾಗಿತ್ತು, ಹೇಳಿದರೆ ಬೇಸರ ಮಾಡಿಕೊಳ್ಳಬೇಡ, ಆದರೆ ದಾರ ಗಟ್ಟಿಯಾಗಿತ್ತು, ಕೊನೆಯ ಗಂಟನ್ನು ಮೂರು ಸಲ ಹಾಕಿದ್ದೆ. ನಿಮ್ಮ ಮನೆಯಲ್ಲಿ ಯಾರೋ ಟೈಲರ್ ಇದ್ದಿರಬೇಕು. ಆರುನೂರು ಗೊಂಬೆಗಳಲ್ಲಿ ಹೊಟ್ಟೆಯಿರುವ ಗೊಂಬೆ ಅದೊಂದೇ. ನಾನು ಅಳತೆದಾರ ಪಕ್ಕಕ್ಕಿಟ್ಟು ಸುತ್ತುಗಳನ್ನು ಎಣಿಸುತ್ತ ಕೂತೆ. ನೂರುಲ್ಲಾ ಯಾವಾಗ ಹೋದನೆಂಬುದೂ ತಿಳಿಯಲಿಲ್ಲ.

ಬಟ್ಟೆಯ ಸುತ್ತುಗಳ ಒಳಗೆ, ಬಿಸ್ಕತ್ತಿನ ಹೊದಿಕೆಯಲ್ಲಿ ಮಡಚಿಟ್ಟ ನಿನ್ನ ಚೀಟಿ ಸಿಕ್ಕಿತು. ಬಟ್ಟೆಯನ್ನು ಬಿಚ್ಚಲಿಲ್ಲ, ಚಿಮಟದಲ್ಲಿ ಮೆಲ್ಲಗೆ ಎಳೆದುಕೊಂಡೆ. ಒಂದು ಮಗ್ಗುಲಲ್ಲಿ ಹೀಗಿದೆ: ‘ನನ್ನ ಸೊಂಟ 25. ಗೊಂಬೆ ಸೊಂಟ 3½. ಸೋಮವಾರದಿಂದ ತಿಂಡಿ ತಿನ್ನಲ್ಲ. ಮಧ್ಯಾಹ್ನದ ಡಬ್ಬಿ ಅರ್ಧ ಚೆಲ್ಲೋದು. ದಸರಾ ರಜದೊಳಗೆ 20.’ ಇನ್ನೊಂದು ಮಗ್ಗುಲಲ್ಲಿ, ಅದೇ ವಾಲುವ ಅಕ್ಷರದಲ್ಲಿ: ‘ಇವಳಿಗೆ ಹೊಟ್ಟೆ ಹಸಿದಿದೆ. ಅದಕ್ಕೇ ನಿಂತ್ಕೊಳ್ಳಕ್ಕೆ ಆಗಲ್ಲ. ಇವಳಿಗೆ ಊಟ ಹಾಕಿದ್ದೀನಿ.’ ಯಾವ ಮಗ್ಗುಲನ್ನು ಮೊದಲು ಬರೆದೆ ಮಗಳೇ? ಮೊದಲು ಉಪವಾಸ ಕೂತು, ಆಮೇಲೆ ಬುದ್ಧಿ ಬಂದು, ಗೊಂಬೆಗೂ ನಿನಗೂ ಒಟ್ಟಿಗೆ ಊಟ ಹಾಕಿದೆಯೋ? ಇಲ್ಲವೇ ಮೊದಲು ಗೊಂಬೆಗೆ ಕರುಣೆ ತೋರಿಸಿ, ಆಮೇಲೆ ಅದರ ಪಾಲಿನ ಹಸಿವನ್ನೂ ನೀನೇ ಎತ್ತಿಕೊಂಡೆಯೋ? ಹದಿನೆಂಟು ದಿನದಿಂದ ಇದೇ ಯೋಚನೆ. ನನಗೆ ಇದು ಯಾಕೆ ಇಷ್ಟು ಮುಖ್ಯ ಎಂದು ನಿನಗೆ ಹೇಳಬೇಕು. ಬೇರೆ ಯಾರಿಗೂ ಹೇಳುವ ಹಾಗಿಲ್ಲ.

ನಮ್ಮ ಮುತ್ತಜ್ಜಿಯರ ಕಾಲದಲ್ಲಿ ಶಾಲೆಗಳಲ್ಲಿ ಒಂದು ದೊಡ್ಡ ದಿಗಿಲು ಹುಟ್ಟಿತಂತೆ. ಆರೇಳು ವರ್ಷದ ಮಕ್ಕಳು ಸಾಲಿನಲ್ಲಿ ನಿಲ್ಲುವಾಗ ಹೊಟ್ಟೆ ಒಳಗೆಳೆದುಕೊಳ್ಳುವುದನ್ನು ವೈದ್ಯರು ಕಂಡರು. ಡಬ್ಬಿಗಳು ತುಂಬಿದ ಹಾಗೇ ಮನೆಗೆ ಮರಳುತ್ತಿದ್ದವು. ನಿಲ್ಲದ ಗೊಂಬೆಯೊಂದೇ ಕಾರಣವೆಂದು ಯಾರೂ ಹೇಳಲಿಲ್ಲ. ಕಂಡ ಕಂಡ ಪರದೆಯ ಮೇಲೆಲ್ಲ ಅವಳದೇ ಮೈ ಇತ್ತಂತೆ. ಆದರೆ ಪರದೆಯ ಮೇಲಿನವಳು ಮಗುವಿನ ಪಕ್ಕದಲ್ಲಿ ಮಲಗುವುದಿಲ್ಲ, ಗೊಂಬೆ ಮಲಗುತ್ತದೆ. ಹಿರಿಯರು ಕೂತು ಯೋಚಿಸಿ ಎರಡು ನಿಯಮ ತಂದರು. ಮೊದಲನೆಯದು ಒಡಗೊಂಬೆ. ಒಡಹುಟ್ಟಿದವರು ಎನ್ನುವ ಹಾಗೆ ಒಡಗೊಂಬೆ: ಐದು, ಏಳು, ಒಂಬತ್ತು, ಹನ್ನೊಂದು, ಈ ನಾಲ್ಕು ವಯಸ್ಸಿನಲ್ಲಿ ಮಗುವನ್ನು ಅಳೆದು, ಆರರಲ್ಲಿ ಒಂದು ಪಾಲಿಗೆ ಇಳಿಸಿ, ಅದೇ ಮೈಯ ಮರದ ಗೊಂಬೆ ಮಾಡಿಕೊಡಬೇಕು. ಅಳೆಯುವಾಗ ಭುಜ, ಎದೆ, ಸೊಂಟ, ತೊಡೆ ಎಂದು ಒಂದೊಂದಕ್ಕೂ ಹತ್ತಿಯ ದಾರದಲ್ಲಿ ಒಂದೊಂದು ಗಂಟು. ಕೆಲಸ ಮುಗಿದ ಮೇಲೆ ಆ ದಾರವನ್ನು ಗೊಂಬೆಯ ಟೊಳ್ಳು ಹೊಟ್ಟೆಯೊಳಗೆ ಸುತ್ತಿಟ್ಟು ಅರಗಿನಲ್ಲಿ ಮುಚ್ಚುತ್ತೇವೆ. ಒಡಗೊಂಬೆ ಸುಳ್ಳು ಹೇಳುವುದಿಲ್ಲ ಎನ್ನುವುದು ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುವ ಮೊದಲ ವಾಕ್ಯ.

ಎರಡನೆಯ ನಿಯಮ, ಮೈಮಾತು ನಿಷೇಧ. ಮೈಮಾತು ಎಂದರೆ ಇನ್ನೊಬ್ಬರ ಮೈಯ ಬಗ್ಗೆ, ಅವರ ತಟ್ಟೆಯ ಬಗ್ಗೆ ಆಡುವ ಮಾತು. ದಪ್ಪಗಾದೆ, ಬಡಕಲಾದೆ, ಇನ್ನೊಂದು ಹಾಕಿಸಿಕೋ, ಇಷ್ಟೊಂದು ತಿನ್ನಬೇಡ, ಎಲ್ಲವೂ ಮೈಮಾತೇ. ಮಗುವಿನ ಮೈಯನ್ನು ಮರ ಹೇಳಲಿ, ಬಾಯಿ ಸುಮ್ಮನಿರಲಿ ಎಂಬುದು ಅವರ ಉದ್ದೇಶ. ಒಳ್ಳೆಯ ಉದ್ದೇಶ, ಅದರಲ್ಲಿ ನನಗೆ ಈಗಲೂ ಸಂಶಯವಿಲ್ಲ. ಚೆಲುವಿ, ಸುಂದರಿ ಎಂಬ ಹೆಸರುಗಳು ಅಳಿಸಿಹೋದವು. ಸೊಸೆಯ ತೂಕ ನೋಡಿ ಮೂಗು ಮುರಿಯುವ ಅತ್ತೆಯರ ಬಾಯಿಗೆ ಬೀಗ ಬಿತ್ತು. ಹಾಗೆಯೇ ನಿಮ್ಮ ಕಾಲದ ಒಂದು ಮಾತೂ ಹೋಯಿತು. ನೀವು ಎದುರಾದವರನ್ನೆಲ್ಲ ‘ಊಟ ಆಯ್ತಾ’ ಎಂದು ಕೇಳುತ್ತಿದ್ದಿರಂತೆ. ಹಳೆಯ ಪುಸ್ತಕದಲ್ಲಿ ಅದನ್ನು ಮೊದಲ ಸಲ ಓದಿದಾಗ ಬೈಗುಳ ಓದಿದ ಹಾಗೆ ನನಗೆ ಮೈ ಜುಮ್ಮೆಂದಿತು. ಆಮೇಲೆ ಬಾಗಿಲು ಹಾಕಿಕೊಂಡು ಒಂದು ಸಲ ಗಟ್ಟಿಯಾಗಿ ಹೇಳಿ ನೋಡಿದೆ. ನನಗೇ ಹೇಳಿಕೊಂಡದ್ದು, ಉತ್ತರವೂ ನಾನೇ ಕೊಟ್ಟೆ.

ಬಾಯಿಗೆ ಬೀಗ ಹಾಕಬಹುದು, ಕಣ್ಣಿಗೆ ಯಾರು ಹಾಕುತ್ತಾರೆ? ದಸರೆಯಲ್ಲಿ ನಾವು ಈಗಲೂ ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುತ್ತೇವೆ. ರಾಜ ರಾಣಿಯರ ಜೊತೆಗೆ ಮನೆಯ ಮಕ್ಕಳ ಒಡಗೊಂಬೆಗಳನ್ನೂ ಇಡುತ್ತೇವೆ, ಐದರದು ಕೆಳಗೆ, ಹನ್ನೊಂದರದು ಮೇಲೆ. ನೆರೆಯವರು ಬರುತ್ತಾರೆ, ಬಾಗಿನ ಕೊಡುತ್ತಾರೆ, ಗೊಂಬೆಗಳ ಮುಂದೆ ನಿಲ್ಲುತ್ತಾರೆ. ಯಾರೂ ಏನೂ ಹೇಳುವುದಿಲ್ಲ. ಕೆಲವು ಗೊಂಬೆಗಳ ಮುಂದೆ ಸುಮ್ಮನೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಾರೆ, ಅಷ್ಟೇ. ಪಕ್ಕದಲ್ಲಿ ರೇಷ್ಮೆ ಲಂಗ ಉಟ್ಟು ನಿಂತ ಮಗು ಆ ಹೊತ್ತನ್ನು ಎಣಿಸುತ್ತಿರುತ್ತದೆ.

ನನಗೆ ಒಬ್ಬಳೇ ಮಗಳು, ಚಿಕ್ಕತಾಯಿ. ಅವಳಿಗೆ ಮೂರು ತುಂಬುವಾಗ ಅವಳ ಅಪ್ಪ ತೀರಿಕೊಂಡರು, ಆಮೇಲೆ ನಾವಿಬ್ಬರೇ. ಮರದ ಹೊಟ್ಟಿನ ರಾಶಿಯಲ್ಲಿ ಆಡಿ ಬೆಳೆದವಳು, ಸದಾ ಮೈಯಲ್ಲಿ ಅರಗಿನ ವಾಸನೆ. ಗಟ್ಟಿ ಮೈಯ ಹುಡುಗಿ, ಒಂದು ಕೈಯಲ್ಲಿ ಕೊಡ ಎತ್ತುತ್ತಿದ್ದಳು. ಏಳರ ಗೊಂಬೆ ಕೂರಿಸಿದ ವರ್ಷ ನೆರೆಯವರು ಅದರ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತರು. ಒಂಬತ್ತು ತುಂಬಿದಾಗ ಅಳತೆಗೆ ನಿಲ್ಲಿಸಿ ಸೊಂಟದ ಗಂಟು ಹಾಕುತ್ತಿದ್ದೆ. ಅವಳು ನನ್ನ ಕಿವಿಯ ಹತ್ತಿರ ಬಾಯಿ ತಂದಳು.

“ಅವ್ವ, ಒಸಿ ಸಣ್ಣಕೆ ಮಾಡವ್ವ. ಅವ್ರು ಏನೂ ಅನ್ನಾಕಿಲ್ಲ, ನೋಡ್ತಾರೆ ಅಷ್ಟೆಯ.”

ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅಳತೆಗಾರ್ತಿ ಹೂಂ ಎನ್ನುವ ಹಾಗಿಲ್ಲ. ಆದರೆ ಮರ ಕಡೆಯುವಾಗ ಉಳಿಯನ್ನು ನಡುವಿನ ಮೇಲೆ ಒಂದು ಉಸಿರಿನಷ್ಟು ಹೆಚ್ಚು ಹೊತ್ತು ಹಿಡಿದೆ. ಗೊಂಬೆಯಲ್ಲಿ ಅದು ಹುಲ್ಲೆಸಳಿನಷ್ಟು. ಮಗುವಿನ ಸುತ್ತಳತೆಗೆ ಎತ್ತಿದರೆ ನಿನ್ನ ಲೆಕ್ಕದಲ್ಲಿ ಎರಡು ಇಂಚು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ದಾರವನ್ನೂ ಬದಲಿಸಬೇಕಿತ್ತು, ಅದಕ್ಕೆ ಕೈ ಬರಲಿಲ್ಲ. ಅವಳ ನಿಜವಾದ ದಾರವನ್ನೇ ಒಳಗಿಟ್ಟು ಅರಗು ಹೊಯ್ದೆ. ಆ ದಸರೆಯಲ್ಲಿ ಜನ ಚಿಕ್ಕತಾಯಿಯ ಗೊಂಬೆಯನ್ನು ನೋಡಿ ಎಲ್ಲದರ ಹಾಗೆ ಮುಂದೆ ಹೋದರು. ಅವಳು ಅವತ್ತು ಎರಡು ಒಬ್ಬಟ್ಟು ತಿಂದಳು. ನಾನು ದೊಡ್ಡ ಜಾಣೆ ಎಂದುಕೊಂಡೆ.

ಅವ್ವ ಸುಳ್ಳು ಗೊಂಬೆ ಮಾಡಿರಬಹುದು ಎಂಬ ಯೋಚನೆಯೇ ಅವಳಿಗೆ ಬರಲಿಲ್ಲ ಮೋನಿಷ. ನನ್ನ ಮೇಲೆ ಅಷ್ಟು ನಂಬಿಕೆ. ತಾನು ಕೇಳಿದ್ದನ್ನು ಅವ್ವ ಕಿವಿಗೆ ಹಾಕಿಕೊಳ್ಳಲಿಲ್ಲ, ಗೊಂಬೆ ತನ್ನಷ್ಟೇ ಇದೆ ಎಂದುಕೊಂಡಳು. ಆಮೇಲೆ ಅದನ್ನು ಕನ್ನಡಿಯ ಪಕ್ಕ ನಿಲ್ಲಿಸಿಕೊಂಡು ನೋಡತೊಡಗಿದಳು. ಕನ್ನಡಿಯಲ್ಲಿ ಇದ್ದವಳು ಗೊಂಬೆಗಿಂತ ದಪ್ಪ. ಒಡಗೊಂಬೆ ಸುಳ್ಳು ಹೇಳುವುದಿಲ್ಲ ಎಂದು ಶಾಲೆಯಲ್ಲಿ ಕಲಿತಿದ್ದಳಲ್ಲ, ಹಾಗಾಗಿ ಸುಳ್ಳು ಹೇಳುತ್ತಿರುವುದು ತನ್ನ ಮೈಯೇ ಇರಬೇಕು ಎಂದು ತೀರ್ಮಾನಿಸಿದಳು. ಇದನ್ನು ಅವಳು ನಾಲ್ಕು ವರ್ಷದ ಮೇಲೆ ಆರೈಕೆಮನೆಯ ವೈದ್ಯರಿಗೆ ಹೇಳಿದ್ದು. ಅವರು ನನಗೆ ಹೇಳಿದರು. ನನ್ನ ಎದುರು ಅವಳು ಏನನ್ನೂ ಹೇಳಲಿಲ್ಲ.

ಆ ವರ್ಷದ ಕೊನೆಗೆ ಒಂದು ದಿನ, ಒಲೆಗೆ ಹಾಕಲೆಂದು ಮರದ ಹೊಟ್ಟಿನ ಚೀಲಕ್ಕೆ ಕೈ ಹಾಕಿದೆ. ಕಲ್ಲಿನಂಥದ್ದು ಏನೋ ಸಿಕ್ಕಿತು. ತೆಗೆದು ನೋಡಿದರೆ ಒಣಗಿದ ರಾಗಿ ಮುದ್ದೆ. ಚೀಲದ ತಳದವರೆಗೂ ಇದ್ದವು, ಅರ್ಧರ್ಧ ಮುದ್ದೆ, ಎಷ್ಟು ದಿನದ್ದೋ. ಚಿಕ್ಕತಾಯಿ ಹೊಸ್ತಿಲ ಮೇಲೆ ಕೂತು ಪಾಠ ಓದುತ್ತಿದ್ದಳು. ನನಗೆ ಬೆನ್ನು ಹಾಕಿದ್ದಳು, ರವಿಕೆಯೊಳಗೆ ಬೆನ್ನುಮೂಳೆಯ ಮಣಿಗಳು ಕಾಣುತ್ತಿದ್ದವು. ಕೇಳಬೇಕಿದ್ದದ್ದು ಎರಡೇ ಮಾತು. ಕೇಳಲಿಲ್ಲ. ಅದು ಮೈಮಾತು, ನಾನು ಅಳತೆಗಾರ್ತಿ, ಊರಿಗೆಲ್ಲ ನಿಯಮ ಹೇಳುವವಳು. ಅದಕ್ಕಿಂತ ಹೆಚ್ಚಾಗಿ, ಕೇಳಿದರೆ ನನ್ನ ಉಳಿಯ ವಿಷಯ ಹೊರಗೆ ಬರುತ್ತದೆ ಎಂಬ ಭಯ. ಮುದ್ದೆಗಳನ್ನು ಹಿತ್ತಿಲಲ್ಲಿ ಹೂತುಬಂದೆ. ಅವಳ ತಟ್ಟೆಗೆ ಮಾರನೆಯ ದಿನ ಸ್ವಲ್ಪ ದೊಡ್ಡ ಮುದ್ದೆ ಹಾಕಿದೆ, ಅಷ್ಟೇ ನನ್ನ ಕೈಲಾದದ್ದು. ಹನ್ನೊಂದರ ಗೊಂಬೆಗೆ ನಾನು ಸುಳ್ಳು ಹೇಳುವ ಅಗತ್ಯವೇ ಬೀಳಲಿಲ್ಲ.

ಹದಿಮೂರರಲ್ಲಿ ಅವಳು ಶಾಲೆಯ ಅಂಗಳದಲ್ಲಿ ಕುಸಿದು ಬಿದ್ದಳು. ಏಳು ತಿಂಗಳು ಆರೈಕೆಮನೆ. ಬದುಕಿಕೊಂಡಳು, ದೇವರು ದೊಡ್ಡವನು. ಮನೆಗೆ ಬಂದ ಮೇಲೆ ನನ್ನ ಎದುರು ಒಂದು ತುತ್ತನ್ನೂ ಬಾಯಿಗಿಡಲಿಲ್ಲ. ತಟ್ಟೆ ಹಿಡಿದು ತಂಪುಮನೆಗೆ ಇಳಿದುಹೋಗುತ್ತಿದ್ದಳು. ಹತ್ತೊಂಬತ್ತಕ್ಕೆ ಕಾರವಾರದಾಚೆಯ ತೇಲುಕೇರಿಗೆ ಕೆಲಸಕ್ಕೆ ಹೋದಳು. ತೇಲುಕೇರಿ ಎಂದರೆ ಸಮುದ್ರ ನುಂಗಿದ ಊರಿನ ಮೇಲೆ ತೆಪ್ಪಗಳಲ್ಲಿ ಕಟ್ಟಿದ ಬೀದಿ. ಹೋಗುವಾಗ ಒಂಬತ್ತರ ಗೊಂಬೆಯೊಂದನ್ನೇ ತೆಗೆದುಕೊಂಡು ಹೋದಳು. ಅಲ್ಲೇ ಮದುವೆಯಾದಳು, ಅಲ್ಲೇ ಹೆತ್ತಳು. ಹದಿನೈದು ವರ್ಷವಾಯಿತು. ವರ್ಷಕ್ಕೊಂದು ಕಾಗದ ಬರುತ್ತದೆ, ನೆರಳಿದೆ ಎಂದು ಬರೆದಿರುತ್ತಾಳೆ. ನಾನೂ ನೆರಳಿದೆ ಎಂದು ಬರೆಯುತ್ತೇನೆ. ಮೊಮ್ಮಗಳ ಹೆಸರು ಇಬ್ಬನಿ. ಅವಳ ಐದರ ಗೊಂಬೆ, ಏಳರ ಗೊಂಬೆ, ಎರಡನ್ನೂ ಅವರು ಕಳಿಸಿದ ದಾರ ನೋಡಿ ನಾನೇ ಮಾಡಿ ಕಳಿಸಿದ್ದು. ಮಗುವನ್ನು ಕಣ್ಣಾರೆ ಕಂಡಿಲ್ಲ, ಆದರೆ ಅವಳ ಭುಜ ನನ್ನ ಭುಜದ ಹಾಗೆ ಸ್ವಲ್ಪ ಎಡಕ್ಕೆ ತಗ್ಗಿದೆ ಎಂದು ನನಗೆ ಗೊತ್ತು.

ನಿನ್ನ ಗೊಂಬೆ ಬಂದು ಐದು ದಿನಕ್ಕೆ ಚಿಕ್ಕತಾಯಿಯ ಕಾಗದ ಬಂತು, ಜೊತೆಗೆ ದಾರ. ದಾರವನ್ನು ಬೆರಳಲ್ಲಿ ಓಡಿಸಿದೆ. ಭುಜ ಸರಿ, ಎದೆ ಸರಿ. ಸೊಂಟದ ಗಂಟಿನ ಹತ್ತಿರ ಬೆರಳು ನಿಂತಿತು. ಅದು ನಾನು ಇಪ್ಪತ್ತೈದು ವರ್ಷದ ಹಿಂದೆ ಉಳಿಯಲ್ಲಿ ಹೇಳಿದ ಸುಳ್ಳಿನದೇ ಅಳತೆ, ಎಳೆಯಷ್ಟೂ ಆಚೀಚೆ ಇಲ್ಲ. ಕಾಗದ ಬಿಚ್ಚಿದೆ.

“ಅವ್ವ, ಇಬ್ಬನಿಗೆ ಒಂಬತ್ತು ತುಂಬ್ತದೆ. ದಾರ ಕಳಿಸಿವ್ನಿ. ಸೊಂಟದ ಗಂಟು ಮಾತ್ರ ನನ್ನ ಒಂಬತ್ತರ ಗೊಂಬೆ ನೋಡಿ ಹಾಕಿದ್ದು. ನಾನು ಆ ವಯಸ್ಸಲ್ಲಿ ಅಷ್ಟಿದ್ದೆ, ಇವ್ಳು ಜಾಸ್ತಿ ಅವ್ಳೆ. ಹಬ್ಬದ ಹೊತ್ಗೆ ಇವ್ಳೂ ಆ ಅಳತೆಗೆ ಬತ್ತಾಳೆ. ಈಗ್ಲೇ ಸುರು ಮಾಡವ್ಳೆ.”

ಕೊನೆಯ ಸಾಲನ್ನು ಎಷ್ಟು ಸಲ ಓದಿದೆನೋ. ಕಾಗದ ಕೆಳಗಿಟ್ಟು ಅತ್ತೆ. ಮನೆಯಲ್ಲಿ ಯಾರೂ ಇಲ್ಲದ್ದು ಒಳ್ಳೆಯದೇ ಆಯಿತು ಎನ್ನಿಸಿತು, ಆಮೇಲೆ ಯಾರೂ ಇಲ್ಲವಲ್ಲ ಎಂದೇ ಇನ್ನಷ್ಟು ಅಳು ಬಂತು. ನಿನ್ನ ಗೊಂಬೆ ಮೇಜಿನ ಮೇಲೆ ದಪ್ಪ ಹೆಜ್ಜೆಯೂರಿ ನಿಂತು ನನ್ನನ್ನು ನೋಡುತ್ತಿತ್ತು. ನನ್ನ ಮಗಳು ತನ್ನ ಒಂಬತ್ತರ ಗೊಂಬೆಯಷ್ಟು ಸಣ್ಣ ಯಾವತ್ತೂ ಇರಲಿಲ್ಲ, ಉಪವಾಸ ಬೀಳುವವರೆಗೆ. ಇಲ್ಲದ ಒಂದು ಮೈಯನ್ನು ನಾನು ಮರದಲ್ಲಿ ಹುಟ್ಟಿಸಿದೆ. ನಿಲ್ಲದ ಗೊಂಬೆ ಮಾಡಿದವರನ್ನು ಮೂವತ್ತೊಂಬತ್ತು ವರ್ಷ ಮಕ್ಕಳ ಮುಂದೆ ಬೈದಿದ್ದೇನೆ. ಅವರಿಗಾದರೂ ಆ ಗೊಂಬೆ ಯಾವ ಮಗುವಿನ ಕೈಗೆ ಹೋಗುತ್ತದೆಂದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ದಾರದ ಪ್ರಕಾರ ಗೊಂಬೆ ಮಾಡಿ ಕಳಿಸಿದರೆ ಇಬ್ಬನಿಯೂ ಅದೇ ದಾರಿ ಹಿಡಿಯುತ್ತಾಳೆ. ಮಾಡದೆ ಸುಮ್ಮನಿದ್ದರೆ, ಚಿಕ್ಕತಾಯಿ ತನ್ನ ಗೊಂಬೆಯನ್ನೇ ಅವಳ ಕನ್ನಡಿಯ ಪಕ್ಕ ಇಡುತ್ತಾಳೆ. ಕಾಗದದಲ್ಲಿ ತಪ್ಪೊಪ್ಪಿಕೊಳ್ಳೋಣವೆಂದು ನಾಲ್ಕು ಸಲ ಕೂತೆ. ಪ್ರತಿ ಸಲವೂ ಕೈ ತಾನಾಗಿ ‘ನೆರಳಿದೆ’ ಎಂದೇ ಶುರುಮಾಡುತ್ತದೆ. ಅದಕ್ಕೆ ನಾನೇ ಹೊರಟಿದ್ದೇನೆ. ನಾಳೆ ಸಂಜೆ ನಿಧಾನಗಾಡಿ ಇದೆ. ಬಿಸಿಲು ಇಳಿದಾಗ ಮಾತ್ರ ಓಡುವ ರೈಲು ಅದು, ಕಾರವಾರಕ್ಕೆ ನಾಲ್ಕು ದಿನ ಹಿಡಿಯುತ್ತದೆ. ಈ ವಯಸ್ಸಿನಲ್ಲಿ ಇಷ್ಟು ದೂರ ಯಾವತ್ತೂ ಹೋದವಳಲ್ಲ. ಚೀಲದಲ್ಲಿ ಹೊಸ ದಾರವಿದೆ, ಸಣ್ಣ ಉಳಿಯಿದೆ, ರಾಗಿ ಹಿಟ್ಟಿದೆ, ನಿನ್ನ ಗೊಂಬೆಯಿದೆ. ಅಳತೆಮನೆಯ ಬೀಗದ ಕೈಯನ್ನು ನೂರುಲ್ಲಾನಿಗೆ ಕೊಟ್ಟೆ. ಸುಳ್ಳು ಗೊಂಬೆ ಮಾಡಿದ ಅಳತೆಗಾರ್ತಿ ಮತ್ತೆ ದಾರ ಮುಟ್ಟುವ ಹಾಗಿಲ್ಲ, ವಾಪಸು ಬಂದ ಮೇಲೆ ಊರವರಿಗೂ ಹೇಳಬೇಕು. ಅವನು ಎಷ್ಟು ದಿನ ಅಮ್ಮ ಎಂದು ಕೇಳಿದ. ಗೊತ್ತಿಲ್ಲಪ್ಪ ಎಂದೆ.

ಮಗಳ ಬಾಗಿಲಲ್ಲಿ ನಿಂತು ಏನು ಮಾಡಬೇಕೆಂದು ಯೋಚಿಸಿಟ್ಟುಕೊಂಡಿದ್ದೇನೆ. ಅವಳ ಒಂಬತ್ತರ ಗೊಂಬೆಯನ್ನು ಕೇಳಿ ಪಡೆದು, ಅವಳ ಕಣ್ಣೆದುರಿಗೇ ಅರಗು ಕೆತ್ತಿ, ಒಳಗಿನ ದಾರವನ್ನು ತೆಗೆದು ಅವಳ ಕೈಗೆ ಕೊಡುತ್ತೇನೆ. ಇದು ನೀನು, ಹೊರಗಿದ್ದದ್ದು ನನ್ನ ಹೇಡಿತನ ಎಂದು ಹೇಳುತ್ತೇನೆ. ಆ ದಾರವನ್ನು ಇಬ್ಬನಿಯ ಸೊಂಟಕ್ಕೆ ಹಿಡಿದು ನೋಡಿದರೆ ಅವಳಿಗೂ ಅವಳ ಅಮ್ಮನಿಗೂ ಹೆಚ್ಚು ವ್ಯತ್ಯಾಸ ಇರಲಾರದು, ನನ್ನ ಕೈ ಹಾಗೆ ಹೇಳುತ್ತಿದೆ. ಚಿಕ್ಕತಾಯಿ ಬಾಗಿಲನ್ನೇ ತೆರೆಯದಿರಬಹುದು. ತೆರೆದು ಮುಖದ ಮೇಲೆ ಹಾಕಲೂಬಹುದು, ಅಷ್ಟು ಹಕ್ಕು ಅವಳಿಗಿದೆ. ಆಗ ಹೊಸ್ತಿಲ ಹೊರಗೆ ಕೂತು ಮುದ್ದೆ ಕಟ್ಟುತ್ತೇನೆ, ಮೂರು. ನಿನ್ನ ಗೊಂಬೆಯನ್ನು ಇಬ್ಬನಿಗೆ ಕಾಣುವ ಕಡೆ ನಿಲ್ಲಿಸುತ್ತೇನೆ. ದೊಡ್ಡವರ ಮಾತು ಕೇಳದ ಮಕ್ಕಳು ಮಕ್ಕಳ ಮಾತು ಕೇಳುತ್ತಾರೆ. ನಿನ್ನ ವಯಸ್ಸಿನವಳೊಬ್ಬಳು ಇಂಥ ಗೊಂಬೆಯನ್ನು ನೋಡಿ, ಚೆಲುವೆ ಎನ್ನದೆ, ಹಸಿದಿದ್ದಾಳೆ ಎಂದು ಕಂಡುಕೊಂಡಳು ಎಂದು ಅವಳಿಗೆ ಹೇಳಬೇಕು. ಚೀಟಿಯ ಎರಡೂ ಮಗ್ಗುಲನ್ನು ಓದಿಸುತ್ತೇನೆ.

ಈ ಕಾಗದ ನಿನ್ನನ್ನು ತಲುಪುವ ದಾರಿ ಯಾವುದೂ ಇಲ್ಲ, ಅಷ್ಟು ತಿಳಿವಳಿಕೆ ನನಗಿದೆ. ಆದರೆ ನಿನ್ನ ಚೀಟಿಗೂ ವಿಳಾಸ ಇರಲಿಲ್ಲ, ಇನ್ನೂರು ವರ್ಷ ಕಸದಲ್ಲಿ ಮಲಗಿ ಸರಿಯಾದ ಮನೆಗೇ ಬಂತು. ಹಾಗಾಗಿ ಇದನ್ನು ನಿನ್ನ ಚೀಟಿಯ ಜೊತೆಗೇ ಆ ನೀಲಿ ಬಟ್ಟೆಯೊಳಗೆ ಇಡುತ್ತೇನೆ. ನಿನ್ನಲ್ಲಿ ಒಂದು ಬೇಡಿಕೆಯಿದೆ. ಒಂದು ದಿನ ನೀನು ದೊಡ್ಡವಳಾಗುತ್ತೀಯ. ಮನೆ ಬದಲಿಸುವಾಗಲೋ ಹಬ್ಬಕ್ಕೆ ಮನೆ ತೊಳೆಯುವಾಗಲೋ ಈ ಗೊಂಬೆ ಕೈಗೆ ಸಿಗುತ್ತದೆ. ಅದರ ಅವತಾರ ನೋಡಿ ನಿನಗೆ ನಗು ಬರಬಹುದು, ನಾಚಿಕೆಯಾಗಬಹುದು, ಬಟ್ಟೆ ಬಿಚ್ಚಿ ಮೊದಲಿನ ಹಾಗೆ ಮಾಡಿ ಯಾರಿಗಾದರೂ ಕೊಡೋಣ ಎನ್ನಿಸಬಹುದು. ಬಿಚ್ಚಬೇಡ. ಆ ಮೂರು ಗಂಟು ಹಾಗೇ ಇರಲಿ. ಎಸೆಯುವುದಾದರೆ ಹಾಗೇ ಎಸೆದುಬಿಡು, ಗುಡ್ಡದಲ್ಲಿ ಎಲ್ಲಿ ಬಿದ್ದರೂ ನೂರುಲ್ಲಾ ಹುಡುಕುತ್ತಾನೆ. ನೀನು ಬಿಚ್ಚಿಲ್ಲವೆಂದು ನನಗೆ ಗೊತ್ತು, ಗೊಂಬೆ ನನ್ನ ಮುಂದೆಯೇ ನಿಂತಿದೆಯಲ್ಲ. ಆದರೂ ಕೇಳಿಕೊಳ್ಳುತ್ತೇನೆ.

ಚೀಟಿಯ ಯಾವ ಮಗ್ಗುಲು ಮೊದಲಿನದು ಎಂದು ನನಗೆ ಕೊನೆಗೂ ಗೊತ್ತಾಗುವುದಿಲ್ಲ. ಕೇಳಬೇಕಾದ ಹೊತ್ತಿಗೆ ನಿನ್ನ ಮನೆಯಲ್ಲಿ ಯಾರಾದರೂ ನಿನ್ನ ಹಸಿವನ್ನು ಕೇಳಿದರೋ, ನಿನ್ನ ಡಬ್ಬಿ ತೆರೆದು ನೋಡಿದರೋ, ಅದೂ ಗೊತ್ತಿಲ್ಲ. ಮುದ್ದೆ ಸಿಕ್ಕ ದಿನ ಕೇಳದೆ ಬಿಟ್ಟ ಆ ಎರಡು ಮಾತು ಚಿಕ್ಕತಾಯಿಯ ಬಾಗಿಲಲ್ಲಿ ನನ್ನ ಬಾಯಿಂದ ಹೊರಡಬೇಕು. ಮೂವತ್ತೊಂಬತ್ತು ವರ್ಷ ಬೇರೆಯವರ ಬಾಯಿ ಮುಚ್ಚಿಸಿದ ನಾಲಿಗೆ, ಅಭ್ಯಾಸವಿಲ್ಲ, ತಡವರಿಸುತ್ತದೆ. ಅದಕ್ಕೇ ಮೊದಲು ನಿನ್ನ ಹತ್ತಿರ ಕೇಳಿ ರೂಢಿ ಮಾಡಿಕೊಳ್ಳುತ್ತೇನೆ.

ಊಟ ಆಯ್ತಾ, ಮೋನಿಷ?

ಇಂತಿ,
ಹೊಂಬಾಳಮ್ಮ